ಓಡುವ ವ್ಯಾನು, ಆರಿಹೋಗುವ ಉರಿ

ಪ್ರಶ್ನೆ: ನಮ್ಮದು 1986ರ ಫೋಕ್ಸ್‌ವ್ಯಾಗನ್ ವೆಸ್ಟ್‌ಫಾಲಿಯಾ, ಒಳಗೇ ಮಲಗಿ ಅಡುಗೆ ಮಾಡಬಹುದಾದ ಕ್ಯಾಂಪರ್ ವ್ಯಾನ್. ಹೋದ ವರ್ಷ ಕೊಂಡೆವು. ಅದರ ಫ್ರಿಜ್ ಪ್ರೊಪೇನ್ ಗ್ಯಾಸ್ ಮೇಲೆ ನಡೆಯುತ್ತದೆ. ಮನೆ ಮುಂದೆ ನಿಂತಾಗ ಚೆನ್ನಾಗಿಯೇ ಉರಿಯುತ್ತದೆ. ಜುಲೈಯಲ್ಲಿ ಯೊಸೆಮಿಟಿ ದಾಟಿ ಮೋನೋ ಸರೋವರಕ್ಕೆ ಹೊರಟೆವು. ಆಲ್ಟಮಾಂಟ್ ಪಾಸ್ ದಾಟುವಷ್ಟರಲ್ಲಿ ಉರಿ ಆರಿತ್ತು. ಓಕ್‌ಡೇಲ್‌ನಲ್ಲಿ ಪೆಟ್ರೋಲ್ ತುಂಬುವಾಗ ಮತ್ತೆ ಹಚ್ಚಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಪುನಃ ಆರಿತು. ಟಯೋಗಾ ಪಾಸ್ ಹತ್ತಿರ ಎಷ್ಟು ಸಲ ಗುಂಡಿ ಒತ್ತಿದರೂ ಹತ್ತಲೇ ಇಲ್ಲ. ರಾತ್ರಿ ನೋಡಿದರೆ ದೋಸೆ ಹಿಟ್ಟು ಉಬ್ಬಿ ಡಬ್ಬಿಯ ಮುಚ್ಚಳ ಎತ್ತಿತ್ತು. ಓಡುವಾಗ ಉರಿ ಆರದಂತೆ ಮಾಡುವುದು ಹೇಗೆ?
— ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆದರೆ ಮೊದಲು ಓಕ್‌ಡೇಲ್ ವಿಷಯ. ಆ ಸಾಲು ಓದಿ ನನಗೆ ಎದೆ ಧಸಕ್ಕೆಂದಿತು.

ಪೆಟ್ರೋಲ್ ತುಂಬುವ ಜಾಗದಲ್ಲಿ ಫ್ರಿಜ್ ಹಚ್ಚಬೇಡಿ. ದಯವಿಟ್ಟು. ಹೊತ್ತಿಕೊಂಡಿದ್ದ ಫ್ರಿಜ್ ಜೊತೆ ಅಲ್ಲಿಗೆ ಹೋಗಲೂಬೇಡಿ. (ಇಲ್ಲಿ ಎಲ್ಲರೂ ಅದನ್ನು ಗ್ಯಾಸ್ ಸ್ಟೇಷನ್ ಅನ್ನುತ್ತಾರೆ. ನಾವು ಮಾತಾಡುತ್ತಿರುವುದು ಇನ್ನೊಂದು ಗ್ಯಾಸಿನ ಬಗ್ಗೆ. ಗೊಂದಲ ಬೇಡ ಅಂತ ನಾನು ನಮ್ಮೂರಿನ ಹಾಗೆ ಪೆಟ್ರೋಲ್ ಬಂಕ್ ಅಂತಲೇ ಬರೆಯುತ್ತೇನೆ.) ನಿಮ್ಮ ವ್ಯಾನಿನಲ್ಲಿ ಪೆಟ್ರೋಲ್ ಬಾಯಿ ಬಲಗಡೆ, ಮುಂದಿನ ಬಾಗಿಲಿನ ಕೆಳಗಿದೆ. ಫ್ರಿಜ್ ಉಸಿರಾಡುವ ಕಿಂಡಿ ಎಡಗಡೆಗಿದೆ. ಆದ್ದರಿಂದ ದೂರ ಇದೆಯಲ್ಲ, ಪರವಾಗಿಲ್ಲ ಅನ್ನಿಸಬಹುದು. ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಿಯುತ್ತದೆ, ವ್ಯಾನಿನ ಅಡಿಯಿಂದಲೂ ದಾಟುತ್ತದೆ. ಮೇಲಾಗಿ ನಿಮ್ಮ ಎಡಗಡೆ ಇನ್ನೊಂದು ಪಂಪ್ ಇರುತ್ತದೆ, ಅಲ್ಲಿ ಇನ್ನೊಬ್ಬರು ತುಂಬುತ್ತಿರುತ್ತಾರೆ. ಆ ಕಿಂಡಿಯ ಹಿಂದೆ ಒಂದು ನಿಜವಾದ ಬೆಂಕಿ ಉರಿಯುತ್ತಿದೆ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ನಮ್ಮದು 1987ರ ವೆಸ್ಟ್‌ಫಾಲಿಯಾ. 2009ರಿಂದ ನಮ್ಮ ಜೊತೆ ಇದೆ. ಎರಡನೇ ಬೇಸಿಗೆಯಲ್ಲಿ 395ನೇ ಹೆದ್ದಾರಿಯ ಒಂದು ಚಿಕ್ಕ ಊರಿನಲ್ಲಿ ನಾನು ಪೆಟ್ರೋಲ್ ಹಾಕುತ್ತಿದ್ದೆ. ಪಕ್ಕದ ಪಂಪಿನಲ್ಲಿದ್ದ ಲಾರಿ ಡ್ರೈವರ್ ಬಂದು ಮೆಲ್ಲಗೆ ಕೇಳಿದರು, "ಅಮ್ಮಾ, ನಿಮ್ಮ ಫ್ರಿಜ್ ಉರಿಯುತ್ತಿದೆಯಾ?" ಕಿಂಡಿಯ ಎದುರು ಗಾಳಿ ಬಿಸಿಲಲ್ಲಿ ನಡುಗುವ ಹಾಗೆ ನಡುಗುತ್ತಿತ್ತಂತೆ. ನಾನು ಮರೆತಿದ್ದೆ. ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ನನ್ನ ಇಬ್ಬರು ಮಕ್ಕಳು ಮಲಗಿದ್ದರು. ನಳಿಕೆ ವಾಪಸ್ ಇಡುವಾಗ ನನ್ನ ಕೈ ನಿಲ್ಲುತ್ತಿರಲಿಲ್ಲ. ಅಂದಿನಿಂದ ನಮ್ಮ ವ್ಯಾನಿನಲ್ಲಿ ಬಟ್ಟೆ ಒಣಹಾಕುವ ಒಂದು ಕೆಂಪು ಕ್ಲಿಪ್ ಇದೆ. ಫ್ರಿಜ್ ಹಚ್ಚಿದ ಕೂಡಲೇ ಅದು ಸ್ಟೀರಿಂಗ್‌ಗೆ ಹೋಗುತ್ತದೆ. ಉರಿ ಆರಿಸಿ, ಗ್ಯಾಸ್ ಟ್ಯಾಂಕಿನ ವಾಲ್ವ್ ಮುಚ್ಚಿದ ಮೇಲೆಯೇ ಕ್ಲಿಪ್ ತೆಗೆಯುವುದು. ಕ್ಲಿಪ್ ಇದ್ದರೆ ವ್ಯಾನ್ ಹೊರಡುವುದಿಲ್ಲ. ಇದು ನಮ್ಮ ಮನೆಯ ಕಾನೂನು.

ಹೊಸ ಆರ್‌ವಿ (ಮನೆಯ ಹಾಗೆ ಸಜ್ಜಾದ ದೊಡ್ಡ ಪ್ರವಾಸಿ ವಾಹನ) ಇರುವವರಿಗೂ ಒಂದು ಮಾತು. ನಿಮ್ಮ ಫ್ರಿಜ್ ಉರಿ ಆರಿದರೆ ತಾನೇ ಕಿಡಿ ಹಾರಿಸಿ ಮತ್ತೆ ಹಚ್ಚಿಕೊಳ್ಳುತ್ತದೆ. ಹಾಗಾಗಿ ಟ್ಯಾಂಕ್ ವಾಲ್ವ್ ಮುಚ್ಚಿದರಷ್ಟೇ ಸಾಲದು. ಗ್ಯಾಸ್ ಇಲ್ಲದಿದ್ದರೂ ಅದು ಟಿಕ್ ಟಿಕ್ ಅಂತ ಕಿಡಿ ಹಾರಿಸಲು ನೋಡುತ್ತದೆ. ಬಂಕಿಗೆ ಮೊದಲೇ ಫ್ರಿಜ್ ಸ್ವಿಚ್ಚನ್ನೇ ಆರಿಸಿ.

ಈಗ ನಿಮ್ಮ ಉರಿ ಯಾಕೆ ಆರಿತು ಅಂತ ನೋಡೋಣ.

ನಾನು ಸಕಲೇಶಪುರದ ಕಡೆಯವಳು. ಚಿಕ್ಕವಳಿದ್ದಾಗ ನಮ್ಮ ತಂದೆ ಕೆಲಸ ಮಾಡುತ್ತಿದ್ದ ಕಾಫಿ ತೋಟದ ಬಂಗಲೆಯಲ್ಲಿ ಸೀಮೆಎಣ್ಣೆ ಫ್ರಿಜ್ ಇತ್ತು. ಕೆಳಗೆ ಬತ್ತಿ ಉರಿಯುತ್ತಿತ್ತು, ಮೇಲೆ ಐಸ್ ಆಗುತ್ತಿತ್ತು. ಬೆಂಕಿ ಹಚ್ಚಿದರೆ ತಂಪಾಗುವುದು ಹೇಗೆ ಅಂತ ಅಪ್ಪನನ್ನು ಪೀಡಿಸುತ್ತಿದ್ದೆ. ಉತ್ತರ ಗೊತ್ತಾದದ್ದು ಈ ವ್ಯಾನ್ ಬಂದ ಮೇಲೆ. ನಿಮ್ಮ ಫ್ರಿಜ್ ಅದೇ ಜಾತಿಯದು. 1922ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದನ್ನು ಕಂಡುಹಿಡಿದರು. ಒಳಗೆ ಮೋಟರ್ ಇಲ್ಲ, ತಿರುಗುವ ಒಂದು ಭಾಗವೂ ಇಲ್ಲ. ಮುಚ್ಚಿದ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಕೆಳಗಿನ ಉರಿ ನೀರಿನಿಂದ ಅಮೋನಿಯಾವನ್ನು ಕುದಿಸಿ ಹೊರಡಿಸುತ್ತದೆ. ಅನ್ನದ ಗಂಜಿ ಗುಳ್ಳೆ ಎದ್ದು ಮೇಲೆ ಬರುತ್ತದಲ್ಲ, ಹಾಗೆ ಆ ಗುಳ್ಳೆಗಳೇ ನೀರನ್ನೂ ಮೇಲೆ ಎತ್ತುತ್ತವೆ. ಅಮೋನಿಯಾ ಫ್ರಿಜ್‌ನ ಹೊರಗೆ, ಹಿಂಬದಿಯ ಲೋಹದ ರೆಕ್ಕೆಗಳಲ್ಲಿ ತಣಿದು ದ್ರವವಾಗುತ್ತದೆ. ಫ್ರಿಜ್ ಒಳಗೆ ಬಂದು ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುತ್ತದೆ. ಆವಿಯಾಗುವಾಗ ನಿಮ್ಮ ಮೊಸರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ನೀರಲ್ಲಿ ಕರಗಿ ಕೆಳಗೆ ಇಳಿಯುತ್ತದೆ. ಇಷ್ಟೇ. ಬೇಕಾದದ್ದು ಕೆಳಗೆ ಒಂದಿಷ್ಟು ಬಿಸಿ. ಅದು ಪ್ರೊಪೇನ್‌ನಿಂದ ಬರಲಿ, ವ್ಯಾನ್ ಬ್ಯಾಟರಿಯ 12 ವೋಲ್ಟಿನಿಂದ ಬರಲಿ, ಮನೆಯ ಕರೆಂಟಿನಿಂದ ಬರಲಿ, ಅದಕ್ಕೆ ವ್ಯತ್ಯಾಸವಿಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮ ಉರಿ ಕಿರುಬೆರಳಿನ ಉಗುರಿನಷ್ಟು ಚಿಕ್ಕದು. ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಕೂತಿದೆ. ಉಸಿರು ಎಳೆದುಕೊಳ್ಳುವುದೂ ಬಿಡುವುದೂ ಎಡಗಡೆಯ ಒಂದೇ ಕಿಂಡಿಯಿಂದ. ಹೀಗೆ ಮಾಡಿದ್ದು ಜಾಣತನವೇ. ಗಾಳಿ ಬೀಸಿದರೆ ಒಳಗೆ ಹೋಗುವ ದಾರಿಯ ಮೇಲೂ ಹೊರಗೆ ಬರುವ ದಾರಿಯ ಮೇಲೂ ಒಂದೇ ಒತ್ತಡ ಬೀಳುತ್ತದೆ. ಎರಡೂ ಸರಿಸಮ ಆದ್ದರಿಂದ ಉರಿ ಅಲುಗದೆ ನಿಲ್ಲುತ್ತದೆ. ಆದರೆ ಇದು ಪೆಟ್ಟಿಗೆಯ ಗ್ಯಾಸ್ಕೆಟ್‌ಗಳು, ಅಂದರೆ ಸಂದಿ ಮುಚ್ಚುವ ಪಟ್ಟಿಗಳು, ಗಟ್ಟಿಯಾಗಿದ್ದಾಗ ಮಾತ್ರ. ಸುಮಾರು ನಲವತ್ತು ವರ್ಷದ ಗ್ಯಾಸ್ಕೆಟ್ ಹಪ್ಪಳದ ಹಾಗಾಗಿರುತ್ತದೆ. ಅಲ್ಲೊಂದು ಸೀಳು ಬಿಟ್ಟರೆ ಸಾಕು, ಕಿಂಡಿಯಿಂದ ನುಗ್ಗಿದ ಗಾಳಿ ಸೀಳಿನಿಂದ ವ್ಯಾನಿನ ಒಳಗೆ ಹೋಗುತ್ತದೆ. ದಾರಿಯಲ್ಲಿ ಉರಿಯನ್ನು ಊದಿಬಿಡುತ್ತದೆ.

ಇನ್ನೊಂದು ವಿಷಯ. ಅಮೆರಿಕದಲ್ಲಿ ನಾವು ರಸ್ತೆಯ ಬಲಗಡೆ ಓಡಿಸುತ್ತೇವೆ. ಅಂದರೆ ಎದುರಿನಿಂದ ಬರುವ ದೊಡ್ಡ ಲಾರಿ ನಿಮ್ಮ ಎಡಗಡೆಯಿಂದ, ಆ ಕಿಂಡಿಯ ಪಕ್ಕದಲ್ಲೇ ಹೋಗುತ್ತದೆ. ಓಕ್‌ಡೇಲ್ ದಾಟಿದ ಮೇಲೆ 120ನೇ ಹೆದ್ದಾರಿ ಹೆಚ್ಚಾಗಿ ಎರಡೇ ಪಥದ್ದು. ಪ್ರತಿ ಲಾರಿಯೂ ಒಂದು ಕಪಾಳಕ್ಕೆ ಹೊಡೆದ ಹಾಗೆ. ಆಲ್ಟಮಾಂಟ್ ಬಗ್ಗೆ ಹೇಳಬೇಕಾಗಿಯೇ ಇಲ್ಲ, ಅಲ್ಲಿ ಸುಮ್ನೆ ಗಾಳಿಯಂತ್ರ ನೆಟ್ಟಿದ್ದಾರಾ?

ಟಯೋಗಾದ ಕಥೆ ಬೇರೆ. ಅಲ್ಲಿ ಗಾಳಿ ಜಾಸ್ತಿಯಾಗಿ ಅಲ್ಲ, ಕಡಿಮೆಯಾಗಿ ಹತ್ತಲಿಲ್ಲ. ಆ ಪಾಸ್ 9,900 ಅಡಿಗೂ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ್ದರಲ್ಲಿ ನೂರಕ್ಕೆ ಸುಮಾರು 70 ಭಾಗ ಮಾತ್ರ. ಗ್ಯಾಸ್ ಮಾತ್ರ ಅದೇ ತೂತಿನಿಂದ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಉರಿಗೆ ಆಮ್ಲಜನಕ ಸಾಲದೆ ಹಳದಿಯಾಗಿ, ಮಸಿ ಕಟ್ಟಿ, ಸೋಮಾರಿಯಾಗಿ ಉರಿಯುತ್ತದೆ. ಈ ಜಾತಿಯ ಫ್ರಿಜ್‌ಗಳು ಸುಮಾರು 5,500 ಅಡಿ ದಾಟಿದ ಮೇಲೆ ಗ್ಯಾಸಿನಲ್ಲಿ ತೊಂದರೆ ಕೊಡುತ್ತವೆ ಅಂತ ತಯಾರಿಸುವವರೇ ಹೇಳುತ್ತಾರೆ. ಅಲ್ಲಿ ನಿಂತು ಹಚ್ಚಲೇಬೇಕಾದರೆ ಪಕ್ಕದ ಕೈಪಂಪನ್ನು ಇಪ್ಪತ್ತು ಮೂವತ್ತು ಸಲ ಒತ್ತಿ. ಒಳಗೆ ನಿಂತ ಹಳೇ ಹೊಗೆ ಹೊರಗೆ ಹೋಗಬೇಕು. ಆಮೇಲೆ ಕಿಡಿ. ನೀಲಿ ಉರಿ ಕಿಟಕಿಯಲ್ಲಿ ಕಂಡ ಮೇಲೂ ಗುಂಡಿ ಬಿಡಬೇಡಿ, ಅರ್ಧ ನಿಮಿಷವಾದರೂ ಒತ್ತಿಯೇ ಹಿಡಿಯಿರಿ.

ಅರ್ಧ ನಿಮಿಷ ಯಾಕೆ ಅಂದರೆ, ಉರಿಯ ಬಾಯಲ್ಲಿ ಥರ್ಮೋಕಪಲ್ ಅಂತ ಒಂದು ಕಡ್ಡಿ ಇದೆ. ಅದು ಬಿಸಿಯಾದಾಗ ಕೆಲವೇ ಮಿಲಿವೋಲ್ಟ್ ಕರೆಂಟ್ ಹುಟ್ಟುತ್ತದೆ. ಆ ಚೂರು ಕರೆಂಟೇ ಗ್ಯಾಸ್ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಉರಿ ಆರಿದರೆ ಕಡ್ಡಿ ತಣಿಯುತ್ತದೆ, ವಾಲ್ವ್ ತಾನೇ ಮುಚ್ಚುತ್ತದೆ. ದಾರಿಯಲ್ಲಿ ಉರಿ ಆರಿದಾಗ ವ್ಯಾನಿನ ತುಂಬ ಗ್ಯಾಸ್ ತುಂಬಿಕೊಳ್ಳದೆ ಇದ್ದದ್ದು ಈ ಕಡ್ಡಿಯಿಂದ. ಕೆಲವರು ಇದನ್ನು ತಪ್ಪಿಸಿ ಗುಂಡಿಯನ್ನು ಒತ್ತಿಯೇ ಕಟ್ಟಿಡುವ ಉಪಾಯ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಲೇಬೇಡಿ.

ಹಾಗಾದರೆ ಆರದಂತೆ ಮಾಡಲು ಆಗುವುದೇ ಇಲ್ಲವಾ? ಆಗುತ್ತದೆ, ಬಹಳ ಮಟ್ಟಿಗೆ. ಫ್ರಿಜ್ ಹೊರಗೆ ತೆಗೆದು ಉರಿಪೆಟ್ಟಿಗೆಯ ಗ್ಯಾಸ್ಕೆಟ್ ಹೊಸದು ಹಾಕಿಸಿ. ಹೊಗೆ ಕೊಳವೆಯ ಒಳಗಿನ ತುಕ್ಕು ಉದುರಿ ಬರ್ನರ್ ಮೇಲೆ ಬಿದ್ದಿರುತ್ತದೆ, ಅದನ್ನು ತೆಗೆಯಿರಿ. ಗ್ಯಾಸ್ ಬರುವ ತೂತನ್ನು ಸೂಜಿಯಿಂದ ಚುಚ್ಚಬೇಡಿ, ಅಗಲವಾದರೆ ಹಾಳು. ಸ್ಪಿರಿಟ್‌ನಲ್ಲಿ ನೆನೆಸಿಟ್ಟು ಗಾಳಿ ಊದಿದರೆ ಸಾಕು. ಥರ್ಮೋಕಪಲ್ ಸಡಿಲವಾಗಿದ್ದರೆ ಬಿಗಿ ಮಾಡಿ. ಗ್ಯಾಸ್ ಜೋಡಣೆ ಮುಟ್ಟಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಈ ಕೆಲಸ ಗೊತ್ತಿರುವವರ ಹತ್ತಿರ ಮಾಡಿಸಿದರೆ ಇನ್ನೂ ಒಳ್ಳೆಯದು. ನಾವು ಇಷ್ಟೂ ಮಾಡಿಸಿದ ಮೇಲೆ ನಮ್ಮ ಉರಿ 60 ಮೈಲಿ ವೇಗದಲ್ಲೂ ಆರದೆ ನಿಂತಿತ್ತು.

ಗ್ಯಾಸ್ಕೆಟ್ ಬದಲಾಯಿಸಿ ಅಂತ ನಾನು ಒತ್ತಿ ಹೇಳುವುದು ಓಡುವಾಗ ಉರಿಯಲಿ ಅಂತ ಅಲ್ಲ. ಗಾಳಿ ಒಳಗೆ ಬರುವ ಸೀಳಿನಿಂದಲೇ ಹೊಗೆಯೂ ನೀವು ಮಲಗುವ ಜಾಗಕ್ಕೆ ಬರುತ್ತದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರಬಹುದು. ವಾಸನೆ ಇಲ್ಲ, ಬಣ್ಣ ಇಲ್ಲ. ಅದಕ್ಕೊಂದು ಅಲಾರಂ ಇಡಿ. ಪ್ರೊಪೇನ್‌ಗೆ ಬೇರೆ ಅಲಾರಂ. ಅದನ್ನು ನೆಲದ ಹತ್ತಿರವೇ ಹಾಕಬೇಕು, ಯಾಕೆಂದರೆ ಪ್ರೊಪೇನ್ ಗಾಳಿಯ ಒಂದೂವರೆಯಷ್ಟು ಭಾರ.

ಎಲ್ಲ ಸರಿ ಮಾಡಿಸಿದ ಮೇಲೂ ನಾನು ಇವತ್ತು ಓಡುವಾಗ ಉರಿ ಹಚ್ಚುವುದಿಲ್ಲ. ದೊಡ್ಡ ಆರ್‌ವಿಗಳ ಎಷ್ಟೋ ಮಂದಿ ಉರಿಸಿಕೊಂಡೇ ಹೋಗುತ್ತಾರೆ, ನಿಜ. ಆದರೆ ಅಪಘಾತವಾದರೆ ತೆರೆದ ವಾಲ್ವಿನಿಂದ ಬರುವ ತಾಮ್ರದ ಕೊಳವೆ ಮುರಿಯಬಹುದು. ಟ್ಯಾಂಕಿನಲ್ಲಿರುವ ರಕ್ಷಣೆಯ ವಾಲ್ವ್ ದೊಡ್ಡದಾಗಿ ಮುರಿದರೆ ಮುಚ್ಚುತ್ತದೆ, ಸಣ್ಣ ಬಿರುಕಿಗೆ ಮುಚ್ಚುವುದಿಲ್ಲ. ಒಂದು ಡಬ್ಬಿ ಮೊಸರಿಗೆ ಇಷ್ಟೊಂದು ಅಪಾಯ ಬೇಕಾ?

ಅದಕ್ಕೇ ನಾನು ಮೊದಲು ಹೇಳಿದ್ದು, ಫ್ರಿಜ್‌ಗೆ ಬಿಸಿ ಎಲ್ಲಿಂದ ಬಂದರೂ ಒಂದೇ. ಎಂಜಿನ್ ಓಡುವಾಗ 12 ವೋಲ್ಟಿಗೆ ತಿರುಗಿಸಿ. ಈ ವ್ಯಾನ್ ಮಾಡಿದವರ ಉದ್ದೇಶವೂ ಅದೇ. "ಅದು ತಂಪು ಮಾಡುವುದಿಲ್ಲ" ಅಂತ ಎಲ್ಲರೂ ದೂರುತ್ತಾರೆ. ನಾನೂ ದೂರಿದ್ದೆ. ಆಮೇಲೆ ನನ್ನ ಯಜಮಾನರು ಮೀಟರ್ ಇಟ್ಟು ನೋಡಿದರು. ಬ್ಯಾಟರಿ ಹತ್ತಿರ 13.8 ವೋಲ್ಟ್. ಫ್ರಿಜ್ ಹಿಂದೆ ಬರೀ 11.8. ಉದ್ದದ ತೆಳು ತಂತಿ ಎರಡು ವೋಲ್ಟ್ ತಿಂದುಹಾಕಿತ್ತು. ಎರಡೇ ಅಲ್ವಾ ಅನ್ನಬೇಡಿ. ಬಿಸಿ ವೋಲ್ಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಕಾಲು ಭಾಗಕ್ಕೂ ಜಾಸ್ತಿ ಬಿಸಿ ಹೋಗಿತ್ತು. ದಪ್ಪ ತಂತಿ, ಹೊಸ ಫ್ಯೂಸ್ ಹಾಕಿದೆವು. 13.3ಕ್ಕೆ ಏರಿತು. ಈಗ 12 ವೋಲ್ಟ್ ತಂಪು ಮಾಡುತ್ತದೆ ಅಂತ ಹೇಳುವುದಿಲ್ಲ, ಆದರೆ ಇರುವ ತಂಪನ್ನು ಉಳಿಸಿಕೊಳ್ಳುತ್ತದೆ. ಎಂಜಿನ್ ನಿಂತಾಗ ಮಾತ್ರ ಆಫ್ ಆಗಲೇಬೇಕು, ಇಲ್ಲದಿದ್ದರೆ ಒಂದು ರಾತ್ರಿಯಲ್ಲಿ ಬ್ಯಾಟರಿ ಖಾಲಿ.

ತಂಪು ಮಾಡುವುದು ಮನೆಯಲ್ಲೇ ಆಗಬೇಕು. ಹೊರಡುವ ಹಿಂದಿನ ರಾತ್ರಿಯೇ ಮನೆಯ ಕರೆಂಟಿಗೆ ಜೋಡಿಸಿ. ಈ ಫ್ರಿಜ್ ನಿಧಾನ, ಇಡೀ ರಾತ್ರಿ ಬೇಕು. ವ್ಯಾನ್ ಮಟ್ಟವಾಗಿ ನಿಂತಿರಬೇಕು, ವಾಲಿದ್ದರೆ ಒಳಗಿನ ದ್ರವ ಸರಿಯಾಗಿ ಹರಿಯುವುದಿಲ್ಲ. ಒಳಗೆ ಇಡುವ ಎಲ್ಲವೂ ಮನೆ ಫ್ರಿಜ್‌ನಲ್ಲಿ ತಣ್ಣಗಾಗಿರಲಿ. ಎರಡು ಬಾಟಲ್ ನೀರು ಗಟ್ಟಿ ಐಸ್ ಮಾಡಿ ಇಡಿ. ದೋಸೆ ಹಿಟ್ಟನ್ನು ರುಬ್ಬಿ ಹುದುಗಿಸದೆ ನೇರ ತಣ್ಣಗೆ ಮಾಡಿ ಒಯ್ಯಿರಿ, ದಾರಿಯಲ್ಲಿ ತಾನೇ ಹದಕ್ಕೆ ಬರುತ್ತದೆ. ಡಬ್ಬಿ ಅರ್ಧ ಮಾತ್ರ ತುಂಬಿ. ನಾವು ಹೀಗೆ ಹೊರಟು ಮೋನೋ ಸರೋವರದ ಪಕ್ಕದ ಲೀ ವೈನಿಂಗ್ ಊರಿನಲ್ಲಿ ಎರಡನೇ ದಿನ ಬೆಳಿಗ್ಗೆ ಒಳ್ಳೆಯ ದೋಸೆ ತಿಂದಿದ್ದೇವೆ. ಅಲ್ಲಿಯೂ 6,700 ಅಡಿ ಎತ್ತರವಿದೆ. ಉರಿ ಹತ್ತಲು ಸ್ವಲ್ಪ ಸತಾಯಿಸುತ್ತದೆ, ತಾಳ್ಮೆ ಇರಲಿ.

ಪ್ರಶ್ನೆ: ನ್ಯೂಜೆರ್ಸಿಯಿಂದ ವರ್ಜೀನಿಯಾದ ಶೆನಂಡೋವಾಗೆ ಬಾಡಿಗೆ ಆರ್‌ವಿಯಲ್ಲಿ ಹೋಗಬೇಕು. ಫ್ರಿಜ್ ಆರಿಸಿದ್ದರೆ ಸುರಂಗಗಳಲ್ಲಿ ಹೋಗಬಹುದಾ?
— ಓದುಗರೊಬ್ಬರು, ಎಡಿಸನ್

ಉತ್ತರ: ನಿಮ್ಮ ದಾರಿಯಲ್ಲಿ ಬರುವ ಬಾಲ್ಟಿಮೋರ್‌ನ ಎರಡು ಸುರಂಗಗಳಲ್ಲಿ, ಅಂದರೆ ಹಾರ್ಬರ್ ಟನಲ್ ಮತ್ತು ಫೋರ್ಟ್ ಮೆಕ್‌ಹೆನ್ರಿ ಟನಲ್‌ನಲ್ಲಿ, ಆರ್‌ವಿಯ ಪ್ರೊಪೇನ್ ಟ್ಯಾಂಕಿಗೆ ಪ್ರವೇಶವಿಲ್ಲ. ಆರಿಸಿದ್ದರೂ ಅಷ್ಟೇ. ಮೊದಲು ಎಲ್ಲರೂ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಮೇಲೆ ಹೋಗುತ್ತಿದ್ದರು. 2024ರ ಮಾರ್ಚ್ 26ರಂದು ಹಡಗು ಬಡಿದು ಅದು ಕುಸಿಯಿತು. ಹಳೇ ಬರಹಗಳಲ್ಲಿ ಇನ್ನೂ ಆ ಸೇತುವೆಯ ದಾರಿಯೇ ಇರುತ್ತದೆ, ನಂಬಬೇಡಿ. 695ನೇ ವರ್ತುಲ ರಸ್ತೆಯ ಪಶ್ಚಿಮದ ಸುತ್ತು ಹಿಡಿಯಿರಿ. ಯಾವತ್ತಾದರೂ ನ್ಯೂಯಾರ್ಕ್ ಕಡೆ ಹೋದರೆ ಹಾಲೆಂಡ್, ಲಿಂಕನ್ ಸುರಂಗಗಳೂ ಬೇಡ. ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲಿನ ಅಂತಸ್ತಿನಲ್ಲಿ ಹೋಗಿ. ಹೊರಡುವ ದಿನ ಆಯಾ ಸುರಂಗದವರ ನಿಯಮ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮೈಸೂರಿನಿಂದ ಅಮ್ಮ ಬಂದಿದ್ದಾರೆ. ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕ್ಯಾಂಪರ್‌ನ ಗ್ಯಾಸ್ ಫ್ರಿಜ್ ನಂಬಿ ಒಂದು ವಾರ ಕರೆದುಕೊಂಡು ಹೋಗಬಹುದಾ?
— ಓದುಗರೊಬ್ಬರು, ಸ್ಯಾನ್ ಹೋಸೆ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ಆ ಫ್ರಿಜ್ ಒಂದನ್ನೇ ನಂಬಬೇಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ನಡುವೆ ಇರಬೇಕು. ಉರಿ ಆರಿದರೆ ಈ ಫ್ರಿಜ್ 15 ದಾಟಬಹುದು. ಚೆನ್ನಾಗಿ ಉರಿದರೆ ಫ್ರಿಜ್ ಒಳಗಿನ ಲೋಹದ ರೆಕ್ಕೆಗಳ ಹತ್ತಿರ ಇಟ್ಟದ್ದು ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬರುವುದಿಲ್ಲ. ನೋಡಲು ಮೊದಲಿನ ಹಾಗೇ ಕಾಣಬಹುದು, ಅದೇ ಭಯ. ಡಬ್ಬಿಯಲ್ಲಿ ಹಾಕಿ ಬಾಗಿಲಿನ ಕಡೆ ಇಡಿ, ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇಡಿ. ಈಗ ಬಳಸುತ್ತಿರುವ ಇನ್ಸುಲಿನ್ ಪೆನ್ನಿಗೆ ಫ್ರಿಜ್ ಬೇಕಾಗಿಲ್ಲ. ಹೆಚ್ಚಿನವು 30 ಡಿಗ್ರಿಯೊಳಗೆ ಸುಮಾರು 28 ದಿನ ತಾಳುತ್ತವೆ. ನಿಮ್ಮದರ ಪೊಟ್ಟಣದ ಮೇಲೆ ಬರೆದಿರುವುದನ್ನೇ ನಂಬಿ, ಔಷಧಿ ಅಂಗಡಿಯವರನ್ನೂ ಕೇಳಿ. ನೀರಲ್ಲಿ ಅದ್ದಿದರೆ ತಂಪಾಗಿ ಇರುವ ಚೀಲ ಸಿಗುತ್ತದೆ, ನಮ್ಮ ಮಣ್ಣಿನ ಹೂಜಿಯ ಹಾಗೆಯೇ ಕೆಲಸ ಮಾಡುತ್ತದೆ. ಅದರಲ್ಲಿ ಪೆನ್ ಇಟ್ಟು ಅಮ್ಮನ ಕೈಚೀಲದಲ್ಲೇ ಇರಲಿ. ನಿಲ್ಲಿಸಿದ ವ್ಯಾನಿನಲ್ಲಿ ಬಿಟ್ಟು ಇಳಿಯಬೇಡಿ.

ಪ್ರಶ್ನೆ: ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ಮಾಡಿಸುತ್ತಿದ್ದೇವೆ. ವಿದೇಶದಿಂದ ಗ್ಯಾಸ್ ಫ್ರಿಜ್ ತರಿಸಿ ಮನೆಯ 14.2 ಕೆಜಿ ಸಿಲಿಂಡರ್‌ಗೆ ಜೋಡಿಸಿದರೆ ಹೇಗೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ಆ ಸಿಲಿಂಡರ್ ಕೊಡುವುದೇ ಮನೆಯ ಅಡುಗೆಗೆ, ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ಅದು ಉರುಳಿದರೆ ಆವಿಯ ಬದಲು ದ್ರವವೇ ಕೊಳವೆಗೆ ಬರುತ್ತದೆ. ನಮ್ಮ ಅಡುಗೆ ಗ್ಯಾಸ್ ಬರೀ ಪ್ರೊಪೇನ್ ಅಲ್ಲ, ಬ್ಯುಟೇನ್ ಕೂಡ ಇದೆ. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಲಡಾಖ್ ಕನಸು ಇದ್ದರೆ ಅಲ್ಲೇ ಕೈಕೊಡುತ್ತದೆ. ಇನ್ನು ರಾಯಚೂರಿನ ಬೇಸಿಗೆ. ಈ ಜಾತಿಯ ಫ್ರಿಜ್ ಹೊರಗಿನ ಬಿಸಿಗಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಇಳಿಸಿದರೆ ಹೆಚ್ಚು. ಹೊರಗೆ 42 ಇದ್ದರೆ ಹಾಲು ಉಳಿಯುವುದಿಲ್ಲ.

12 ವೋಲ್ಟಿನ ಕಂಪ್ರೆಸರ್ ಫ್ರಿಜ್ ತೆಗೆದುಕೊಳ್ಳಿ. ಓಡುವಾಗ ನಾಲ್ಕೈದು ಆಂಪಿಯರ್ ಕೇಳುತ್ತದೆ, ಅದೂ ನಡುನಡುವೆ ನಿಂತು ನಿಂತು. ಒಂದು 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ, ಮೇಲ್ಛಾವಣಿಯಲ್ಲಿ ಒಂದು ಸೋಲಾರ್ ಫಲಕ ಇದ್ದರೆ ನಮ್ಮ ಬಿಸಿಲಿಗೆ ಸಾಕು. ಬೆಂಕಿ ಇಲ್ಲ, ಹೊಗೆ ಇಲ್ಲ, ಘಾಟಿಯಲ್ಲಿ ವಾಲಿದರೂ ಚಿಂತೆ ಇಲ್ಲ. ತಂತಿ ಮಾತ್ರ ದಪ್ಪ ಹಾಕಿಸಿ. ಹಾಕಿದ ಮೇಲೆ ಎಂಜಿನ್ ಓಡಿಸಿಕೊಂಡು ಬ್ಯಾಟರಿ ಹತ್ತಿರ ಎಷ್ಟು ವೋಲ್ಟ್, ಫ್ರಿಜ್ ಹತ್ತಿರ ಎಷ್ಟು ವೋಲ್ಟ್ ಅಂತ ಅಳೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ತಂತಿಯ ದಪ್ಪ, ಉದ್ದ ಎರಡನ್ನೂ ನನಗೆ ಬರೆದು ಕಳಿಸಿ. ಫ್ರೀಮಾಂಟ್‌ನವರೂ ಅಷ್ಟೇ, ನಿಮ್ಮ ಎರಡು ಅಳತೆಗಳಿಗೆ ಕಾಯುತ್ತಿರುತ್ತೇನೆ.